ರಾಡಿಗೆ ಗ್ಯಾರಂಟಿ ಎಷ್ಟು ವರ್ಷ?

ಚಿಂತಾಮಣಿಯ ಎಪಿಎಂಸಿಯಲ್ಲಿ ಬಹುಕಾಲ ಟೊಮೇಟೊ ಮಂಡಿ ನಡೆಸಿ ಈಗ ಅದನ್ನು ಮಗನಿಗೆ ವಹಿಸಿಕೊಟ್ಟಿರುವ ದೊಡ್ಡಪ್ಪ ಒಬ್ಬರು. ಬೆಂಗಳೂರಿನಲ್ಲಿ ಬೆನ್ನುಮೂಳೆಯ ಆಪರೇಷನ್ ಮಾಡುವ ಡಾಕ್ಟರು ಇನ್ನೊಬ್ಬರು. ಆ ದೊಡ್ಡಪ್ಪನ ತಮ್ಮನ ಮಗಳು. ಶಿವರಾತ್ರಿಯ ಆಸುಪಾಸು, ಹುಣಸೆ ಬಡಿಯುವ ಕಾಲ.

ದೊಡ್ಡಪ್ಪ: ನಮ್ಮ ಹೊಲದ ಹುಣಸೆ ಮರದಿಂದ ಹುಡುಗ ಬಿದ್ದಿದ್ದು ಗೊತ್ತಾಯ್ತಲ್ಲ ತಾಯಿ? ಬೆಂಗಳೂರಲ್ಲಿ ಆಸ್ಪತ್ರೆಗೆ ಹಾಕವ್ರೆ. ಬೆನ್ನಿಗೆ ಸ್ಕ್ರೂ, ರಾಡು ಹಾಕ್ಬೇಕಂತೆ. ಅವನ ಹೆಂಡ್ತಿ ನಂಗೆ ಫೋನ್ ಮಾಡ್ತಾಳೆ: ಯಾವ ಕಂಪ್ನಿದು ಹಾಕ್ಸೋಣ, ಗ್ಯಾರಂಟಿ ಎಷ್ಟು ವರ್ಷ ಅಂತ. ಬೋರ್‌ವೆಲ್ ಮೋಟ್ರಾದ್ರೆ ಹೇಳ್ತಿದ್ದೆ. ಇದಕ್ಕೇನು ಹೇಳ್ಲಿ?

ಮಗಳು: ಎಲ್ಲಿ ಮುರಿದಿದೆ ಅಂದರು ದೊಡ್ಡಪ್ಪ?

ದೊಡ್ಡಪ್ಪ: ಎಲ್-1 ಅಂತ ಚೀಟೀಲಿ ಬರ್ದೈತೆ. ಬಲಗಾಲಿನ ಹಿಮ್ಮಡೀನೂ ಒಡೆದೈತಂತೆ. ಬಿದ್ದಿದ್ದು ಕಾಲೂರಿ, ಮೂಳೆ ಮುರಿದಿದ್ದು ಬೆನ್ನಲ್ಲಿ. ಅದೆಂಗೆ?

ಮಗಳು: ಮರದಿಂದ ಬಿದ್ದವರಲ್ಲಿ ಇವೆರಡೂ ಜೊತೆಜೊತೆಗೇ ಆಗೋದುಂಟು. ಹಿಮ್ಮಡಿ ಮೇಲೆ ಬಿದ್ದ ಪೆಟ್ಟು ಕಾಲಿನಿಂದ ಸೊಂಟಕ್ಕೆ, ಅಲ್ಲಿಂದ ಬೆನ್ನಿಗೆ ಏರುತ್ತೆ. ಎದೆಯ ಹಿಂದಿನ 12 ಮೂಳೆ ಪಕ್ಕೆಲುಬಿಗೆ ಸೇರಿ ಬಿಗಿಯಾಗಿವೆ. ಸೊಂಟದ 5 ಮೂಳೆ ಬಾಗೋದಕ್ಕೆ, ಏಳೋದಕ್ಕೆ ಸಡಿಲವಾಗಿವೆ. ಬಿಗಿಯೂ ಸಡಿಲವೂ ಸೇರೋ ಜಾಗ ಎಲ್-1, ಅಂದರೆ ಸೊಂಟದ ಮೊದಲನೇ ಮೂಳೆ. ಪೆಟ್ಟು ಅಲ್ಲಿಗೆ ಬಂದು ನಿಲ್ಲುತ್ತೆ. ಅದಕ್ಕೇ ಎತ್ತರದಿಂದ ಬಿದ್ದವರ ಹಿಮ್ಮಡಿ ಒಡೆದಿದ್ದರೆ ಬೆನ್ನು ನೋಡದೆ ಬಿಡಬಾರದು ಅಂತ ನಮಗೆ ಮೊದಲ ವರ್ಷದಲ್ಲೇ ಕಲಿಸ್ತಾರೆ. ಕಾಲು ಆಡಿಸ್ತಾನಾ?

ದೊಡ್ಡಪ್ಪ: ಆಡಿಸ್ತಾನೆ. ಎಡಗಾಲಿನ ಬೆರಳು ಮಾತ್ರ ಜೋಮು ಅಂತಾನೆ.

ಮಗಳು: ಮರದ ಕೆಳಗಿಂದ ಹೆಂಗೆ ಎತ್ತಿದರು?

ದೊಡ್ಡಪ್ಪ: ಇನ್ನೆಂಗೆ? ಒಬ್ಬ ತೋಳು, ಒಬ್ಬ ಕಾಲು ಹಿಡ್ಕೊಂಡು ಆಟೋಗೆ ಹಾಕಿದ್ರು.

ಮಗಳು: ಅದನ್ನು ಮಾತ್ರ ಮಾಡಬಾರದು. ಒಡೆದ ಮೂಳೆಯ ಚೂರು ನರದ ಕಾಲುವೆಗೆ ಚಾಚಿಕೊಂಡಿರುತ್ತೆ. ಆ ಕಾಲುವೆಯಲ್ಲೇ ಮಿದುಳುಬಳ್ಳಿ ಇಳಿದು ಬರೋದು. ಸುಮಾರು ಎಲ್-1, ಎಲ್-2ರ ಮಟ್ಟದಲ್ಲಿ ಅದು ಮುಗಿಯುತ್ತೆ, ಅಲ್ಲಿಂದ ಕೆಳಗೆ ಬಿಡಿ ನರಗಳ ಗೊಂಚಲು. ತೋಳು ಕಾಲು ಹಿಡಿದು ಎತ್ತಿದರೆ ನಡು ಜೋಲುತ್ತೆ, ಚೂರು ಇನ್ನೂ ಒಳಗೆ ಒತ್ತುತ್ತೆ. 108ಕ್ಕೆ ಫೋನ್ ಮಾಡಬೇಕು. ಅದು ಬರೋದು ತಡವಾದರೆ ಮೂರ್ನಾಲ್ಕು ಜನ ಸೇರಿ ತಲೆ, ಭುಜ, ಸೊಂಟ, ಕಾಲು ಒಟ್ಟಿಗೆ ಹೊರಳಿಸಿ, ಹಲಗೆ ಇಲ್ಲ ಬಾಗಿಲು ತೂರಿಸಿ ಮಲಗಿಸಬೇಕು. ಕೂರಿಸಬಾರದು, ಬೈಕಲ್ಲಂತೂ ತರಲೇಬಾರದು.

ದೊಡ್ಡಪ್ಪ: ಹಿಂದಿನ ಕಾಲದಲ್ಲಿ ಬಿದ್ದೋರು ಮಲಗಿದ್ದೇ ವಾಸಿ ಆಗ್ತಿದ್ರಲ್ಲ. ಈಗೇನು ಲೋಹ ಹಾಕಲೇಬೇಕಾ?

ಮಗಳು: ಎಲ್ಲರಿಗೂ ಬೇಕಿಲ್ಲ. ಮೂಳೆಯ ಮುಂಭಾಗ ಮಾತ್ರ ಕುಸಿದು, ಹಿಂದಿನ ಕಟ್ಟುಗಳು ಗಟ್ಟಿಯಾಗಿದ್ದು, ಕಾಲಿನ ಶಕ್ತಿ ಪೂರ್ತಿ ಇದ್ದರೆ ಬೆಲ್ಟು ಕಟ್ಟಿ, ಎಕ್ಸ್‌ರೇ ನೋಡ್ತಾ ಕಾಯಬಹುದು. ನರದ ಮೇಲೆ ಒತ್ತಡ ಇದ್ದರೆ, ಹಿಂದಿನ ಕಟ್ಟೂ ಹರಿದು ಮೂಳೆ ನೆಲೆ ತಪ್ಪಿದ್ದರೆ, ಆಗ ಸ್ಕ್ರೂ. ನಿಮ್ಮ ಹುಡುಗನಿಗೆ ಬೆರಳು ಜೋಮು ಹಿಡಿದಿದೆ ಅಂದಮೇಲೆ ಆ ಡಾಕ್ಟರು ಯೋಚಿಸಿಯೇ ಹೇಳಿರ್ತಾರೆ. ಇನ್ನೊಂದು ಲಾಭವೂ ಇದೆ: ವಾರಗಟ್ಟಲೆ ಮಲಗಿದರೆ ಬೆನ್ನು ಹುಣ್ಣಾಗುತ್ತೆ, ಎದೆಗೆ ಕಫ ಕಟ್ಟುತ್ತೆ, ಕಾಲಿನ ರಕ್ತ ಹೆಪ್ಪುಗಟ್ಟುತ್ತೆ. ಸ್ಕ್ರೂ ಬಿಗಿದ ಕೆಲವೇ ದಿನಕ್ಕೆ ಎಬ್ಬಿಸಿ ಕೂರಿಸಬಹುದು.

ದೊಡ್ಡಪ್ಪ: ಸರಿ, ಹೆಂಗೆ ಹಾಕ್ತೀರಿ ಹೇಳು. ಬೆನ್ನು ಕುಯ್ದು, ಮೂಳೆಗೆ ತೂತು ಕೊರ್ದು, ಸ್ಕ್ರೂ ಹೊಡೆಯದಾ? ಪಕ್ಕದಲ್ಲೇ ನರ ಐತೆ ಅಂತೀಯ.

ಮಗಳು: ಬೆನ್ನುಮೂಳೆಯ ಪ್ರತಿ ತುಂಡಿಗೂ ಮುಂದೆ ದಪ್ಪನೆಯ ದಿಂಡು ಇದೆ, ಹಿಂದೆ ಕಮಾನು ಇದೆ. ಎರಡನ್ನೂ ಸೇರಿಸೋದು ಎಡಕ್ಕೊಂದು, ಬಲಕ್ಕೊಂದು ಮೂಳೆಯ ಸೇತುವೆ. ಅದೇ ಪೆಡಿಕಲ್. ಒಳಗೋಡೆಗೆ ತಾಗಿ ಮಿದುಳುಬಳ್ಳಿ, ತಳಕ್ಕೆ ತಾಗಿ ಹೊರಗೆ ಹೋಗೋ ನರ. ನಮಗಿರೋ ದಾರಿ ಆ ಸೇತುವೆಯ ನಡುವೆ ಮಾತ್ರ. ಸೊಂಟದಲ್ಲಿ ಅದು ಸಾಕಷ್ಟು ಅಗಲ; ಎದೆಯ ನಡುಭಾಗದಲ್ಲಿ ಕೆಲವರಿಗೆ 4–5 ಮಿ.ಮೀ. ಅಷ್ಟೆ. ಸೊಂಟಕ್ಕೆ ಹಾಕೋ ಸ್ಕ್ರೂ ಸಾಮಾನ್ಯವಾಗಿ 6.5 ಮಿ.ಮೀ. ದಪ್ಪ, 40–45 ಮಿ.ಮೀ. ಉದ್ದ.

ದೊಡ್ಡಪ್ಪ: ಕಣ್ಣಿಗೆ ಕಾಣದ ಸೇತುವೆಯೊಳಗೆ ಅದನ್ನ ಹೆಂಗಮ್ಮ ತೂರಿಸ್ತೀರಿ?

ಮಗಳು: ಬೋರಲು ಮಲಗಿಸಿರ್ತೀವಿ, ಹೊಟ್ಟೆಗೆ ಒತ್ತಡ ಬೀಳದ ಹಾಗೆ ಎದೆಗೂ ಸೊಂಟಕ್ಕೂ ದಿಂಬು. ಸಿ-ಆರ್ಮ್ ಅಂತ ಎಕ್ಸ್‌ರೇ ಯಂತ್ರ ಪಕ್ಕದಲ್ಲಿರುತ್ತೆ. ಕಮಾನಿನ ಪಕ್ಕದ ರೆಕ್ಕೆಯೂ ಮೇಲಿನ ಕೀಲೂ ಸೇರೋ ಮೂಲೆಯಲ್ಲಿ ಗಟ್ಟಿ ಸಿಪ್ಪೆಯನ್ನು ಚುಚ್ಚಿ ಬಾಯಿ ಮಾಡ್ತೀವಿ. ಆಮೇಲೆ ಡ್ರಿಲ್ಲು ಬೇಡ ಅಂತ ನನ್ನ ಗುರುಗಳು ಹೇಳೋರು. ಮೊಂಡು ಮೊನೆಯ ಕಡ್ಡೀನ ಕೈಯಲ್ಲೇ ತಿರುಗಿಸ್ತಾ ಒಳಗೆ ಬಿಡಬೇಕು. ಒಳಗಿನ ಮೂಳೆ ಮೆತ್ತಗೆ ದಾರಿ ಕೊಡುತ್ತೆ, ಗೋಡೆ ಗಟ್ಟಿಯಾಗಿ ತಡೆಯುತ್ತೆ. ಸರಾಗವಾಗಿ ಹೋಗ್ತಿದ್ದ ಕೈ ತಟ್ಟನೆ ಹಗುರಾದರೆ ಗೋಡೆ ದಾಟಿತು ಅಂತ ಲೆಕ್ಕ, ನಿಲ್ಲಿಸಬೇಕು. ಆಮೇಲೆ ತುದೀಲಿ ಸಣ್ಣ ಗುಂಡು ಇರೋ ತಂತಿ ಇಳಿಸಿ ಮೇಲೆ, ಕೆಳಗೆ, ಒಳಗೆ, ಹೊರಗೆ, ತಳದಲ್ಲಿ ಐದು ಕಡೆ ತಡವಿ ನೋಡ್ತೀವಿ. ಐದೂ ಕಡೆ ಮೂಳೆ ಸಿಕ್ಕಿದರೆ ಮಾತ್ರ ಸ್ಕ್ರೂ. ಇಷ್ಟು ಮಾಡಿದರೂ ಒಂದೊಂದು ಸಲ ದಾರಿ ತಪ್ಪೋದುಂಟು, ಅದಕ್ಕೇ ಪ್ರತಿ ಸ್ಕ್ರೂಗೂ ಎಕ್ಸ್‌ರೇ.

ದೊಡ್ಡಪ್ಪ: ಒಡೆದ ಮೂಳೆಗೇ ಹೊಡಿತೀರಾ?

ಮಗಳು: ಮುಖ್ಯವಾಗಿ ಅದರ ಮೇಲಿನ ಮತ್ತು ಕೆಳಗಿನ ಮೂಳೆಗೆ. ಎಲ್-1 ಒಡೆದಿದ್ದರೆ ಎದೆಯ ಹನ್ನೆರಡನೆಯದಕ್ಕೆ ಎರಡು, ಎಲ್-2ಕ್ಕೆ ಎರಡು. ಮೂಳೆ ಮೆತ್ತಗಿದ್ದರೆ ಇಲ್ಲ ತುಂಬ ಪುಡಿಯಾಗಿದ್ದರೆ ಇನ್ನೂ ಒಂದೊಂದು ಮನೆ ಮೇಲಕ್ಕೂ ಕೆಳಕ್ಕೂ ಹೋಗ್ತೀವಿ. ಸ್ಕ್ರೂ ತಲೆಯಲ್ಲಿ ಸೀಳು ಇರುತ್ತೆ, ಆ ತಲೆ ಎಲ್ಲ ದಿಕ್ಕಿಗೂ ವಾಲುತ್ತೆ. ಅದರಲ್ಲಿ 5.5 ಮಿ.ಮೀ. ರಾಡನ್ನ ಬೆನ್ನಿನ ಬಾಗಿಗೆ ತಕ್ಕಂತೆ ಬಗ್ಗಿಸಿ ಕೂರಿಸಿ, ಮೇಲಿಂದ ನಟ್ಟು ಬಿಗೀತೀವಿ. ಎಡಕ್ಕೊಂದು ರಾಡು, ಬಲಕ್ಕೊಂದು. ಹೆಚ್ಚಾಗಿ ಬಳಸೋದು ಟೈಟಾನಿಯಂ, ಅದರಲ್ಲಿ ಸುಮಾರು 6% ಅಲ್ಯೂಮಿನಿಯಂ, 4% ವೆನೇಡಿಯಂ. ಅಯಸ್ಕಾಂತಕ್ಕೆ ಅಂಟಲ್ಲ, ಎಂಆರ್‌ಐ ಮಾಡಿಸಬಹುದು, ಮೂಳೆಗೆ ಒಗ್ಗುತ್ತೆ.

ದೊಡ್ಡಪ್ಪ: ಈಗ ನನ್ನ ಪ್ರಶ್ನೆಗೆ ಬಾ. ಗ್ಯಾರಂಟಿ ಎಷ್ಟು ವರ್ಷ?

ಮಗಳು: ನೀವು ಮಂಡಿ ಲೆಕ್ಕದವರು, ನೀವೇ ಲೆಕ್ಕ ಹಾಕಿ. ಇಂಥ ಸ್ಕ್ರೂ–ರಾಡನ್ನ ಪರೀಕ್ಷೆ ಮಾಡೋವಾಗ ಪ್ಲಾಸ್ಟಿಕ್ ದಿಮ್ಮಿಗೆ ಬಿಗಿದು, ಯಂತ್ರದಲ್ಲಿ 50 ಲಕ್ಷ ಸಲ ಬಗ್ಗಿಸ್ತಾರೆ. ಅಷ್ಟಕ್ಕೂ ಮುರಿಯದೆ ನಿಂತರೆ ಆ ಭಾರಕ್ಕೆ ಪಾಸು. ಒಬ್ಬ ಮನುಷ್ಯ ದಿನಕ್ಕೆ ಐದೂವರೆ ಸಾವಿರ ಹೆಜ್ಜೆ ಇಟ್ಟರೆ?

ದೊಡ್ಡಪ್ಪ: ವರ್ಷಕ್ಕೆ ಇಪ್ಪತ್ತು ಲಕ್ಷ. ಅಂದ್ರೆ ಎರಡೂವರೆ ವರ್ಷಕ್ಕೆ ಮುಗೀತು! ಇದೇನು ತಾಯಿ, ಅದರ ಆಯಸ್ಸು ಇಷ್ಟೇನಾ?

ಮಗಳು: ಒಂದೊಂದು ಹೆಜ್ಜೆಗೂ ಆ ಯಂತ್ರದಷ್ಟು ಭಾರ ಬೀಳಲ್ಲ, ಹಾಗಾಗಿ ನೇರ ಲೆಕ್ಕ ಹಿಡಿಯಬೇಡಿ. ಆದರೆ ಎಂಥ ಲೋಹವಾದರೂ ಬಗ್ಗಿ ಬಗ್ಗಿ ಒಂದು ದಿನ ಸೋಲುತ್ತೆ ಅನ್ನೋದು ನಿಜ. ಅದು ಸೋಲೋದಕ್ಕೆ ಮುಂಚೆ ಮೂಳೆ ಕೂಡಿಕೊಂಡು ಭಾರ ತಾನು ಹೊರಬೇಕು. ಆರು ತಿಂಗಳಿಂದ ವರ್ಷದೊಳಗೆ ಅದಾಗಬೇಕು. ಆಮೇಲೆ ರಾಡಿಗೆ ಕೆಲಸವೇ ಇರಲ್ಲ, ಸುಮ್ಮನೆ ಒಳಗಿರುತ್ತೆ. ಮೂಳೆ ಕೂಡದಿದ್ದರೆ ಎಷ್ಟು ದುಬಾರಿಯದು ಹಾಕಿಸಿದರೂ ರಾಡು ಮುರಿಯುತ್ತೆ ಇಲ್ಲ ಸ್ಕ್ರೂ ಸಡಿಲವಾಗುತ್ತೆ. ಎಕ್ಸ್‌ರೇಲಿ ಸ್ಕ್ರೂ ಸುತ್ತ ಕಪ್ಪು ಗೆರೆ ಕಂಡರೆ ನಮಗೆ ಗೊತ್ತಾಗುತ್ತೆ.

ದೊಡ್ಡಪ್ಪ: ಅಂದ್ರೆ ಮನೆ ಕಟ್ಟೋವಾಗ ಮೋಲ್ಡಿಗೆ ಸೆಂಟ್ರಿಂಗ್ ಹೊಡಿತೀವಲ್ಲ, ಹಂಗೆ. ಕಾಂಕ್ರೀಟು ಗಟ್ಟಿ ಆಗೋವರೆಗೂ ಕಂಬ ಹೊರಬೇಕು.

ಮಗಳು: ಹೌದು. ಒಂದೇ ವ್ಯತ್ಯಾಸ, ಸೆಂಟ್ರಿಂಗ್ ಬಿಚ್ಚೋದು ಎಲ್ಲರಿಗೂ ಕಡ್ಡಾಯ, ಇದನ್ನ ಬಿಚ್ಚೋದು ಕೆಲವರಿಗೆ ಮಾತ್ರ. ಮುರಿದ ಮೂಳೆಗಾಗಿ ಹಾಕಿ, ಬೆಸುಗೆ ಮಾಡದೆ ಬಿಟ್ಟಿದ್ದರೆ ವರ್ಷದ ಮೇಲೆ ತೆಗೆಯೋದುಂಟು. ಲೋಹ ಒಂದನ್ನೇ ನೆಚ್ಚಬಾರದು ಅನ್ನೋ ಪಾಠ ನಮ್ಮವರು ಕಷ್ಟಪಟ್ಟೇ ಕಲಿತಿದ್ದು. 1911ರಲ್ಲಿ ನ್ಯೂಯಾರ್ಕಿನಲ್ಲಿ ಹಿಬ್ಸ್, ಆಲ್ಬೀ ಅನ್ನೋ ಇಬ್ಬರು ಬೇರೆ ಬೇರೆಯಾಗಿ ಬೆನ್ನುಮೂಳೆಗಳನ್ನ ಒಂದಕ್ಕೊಂದು ಬೆಸೆಯೋ ಆಪರೇಷನ್ ಪ್ರಕಟಿಸಿದರು. ಲೋಹವೇ ಇರಲಿಲ್ಲ, ರೋಗಿ ತಿಂಗಳಾನುಗಟ್ಟಲೆ ಅಲುಗದೆ ಮಲಗಬೇಕಿತ್ತು. ಆಮೇಲೆ ಹ್ಯೂಸ್ಟನ್‌ನಲ್ಲಿ ಪಾಲ್ ಹ್ಯಾರಿಂಗ್ಟನ್ ಪೋಲಿಯೊದಿಂದ ಬೆನ್ನು ಸೊಟ್ಟಗಾದ ಮಕ್ಕಳಿಗೆ ಕೊಕ್ಕೆ–ರಾಡು ಹಾಕೋಕೆ ಶುರು ಮಾಡಿದರು. ಮೊದಮೊದಲು ಬರೀ ಲೋಹ. ಬೆನ್ನು ನೆಟ್ಟಗಾಯಿತು, ಸ್ವಲ್ಪ ಕಾಲಕ್ಕೆ ಕೊಕ್ಕೆ ಜಾರಿತು, ರಾಡು ಮುರಿಯಿತು. ಮೂಳೆಯನ್ನೂ ಬೆಸೆಯೋಕೆ ಶುರು ಮಾಡಿದ ಮೇಲೆ ನೆಟ್ಟಗಾದ ಬೆನ್ನು ಹಾಗೇ ನಿಂತಿತು. ಅವರ ವರದಿ ಬಂದಿದ್ದು 1962ರಲ್ಲಿ. ಮರುವರ್ಷ ಪ್ಯಾರಿಸ್‌ನಲ್ಲಿ ರಾಯ್-ಕಮಿಲ್ ಪೆಡಿಕಲ್ ಒಳಗೆ ಸ್ಕ್ರೂ ಹಾಕಿ ಪ್ಲೇಟಿಗೆ ಬಿಗಿದರು.

ದೊಡ್ಡಪ್ಪ: ಬೆಸೆಯೋದು ಅಂದ್ರೆ?

ಮಗಳು: ಮೂಳೆಯ ಮೇಲಿನ ಗಟ್ಟಿ ಸಿಪ್ಪೆ ಕೆರೆದು, ಕೀಲಿನ ಮೃದುವಾದ ಹೊದಿಕೆ ತೆಗೆದು, ರಕ್ತ ಒಸರೋ ಹಾಗೆ ಮಾಡಿ, ಅದರ ಮೇಲೆ ಅವನದೇ ಮೂಳೆಯ ಚೂರುಗಳನ್ನ ಹರಡ್ತೀವಿ. ಸೊಂಟದ ಮೂಳೆಯಿಂದಲೋ, ಕಮಾನಿನಿಂದ ತೆಗೆದಿದ್ದೋ. ಅದು ಜೀವ ಹಿಡಿದು ಒಂದಾಗೋಕೆ ರಕ್ತ ಹರೀಬೇಕು. ಆ ಹುಡುಗ ಬೀಡಿ ಸೇದ್ತಾನಾ?

ದೊಡ್ಡಪ್ಪ: ದಿನಕ್ಕೊಂದು ಕಟ್ಟು.

ಮಗಳು: ನಿಕೋಟಿನ್ ಸಣ್ಣ ರಕ್ತನಾಳಗಳನ್ನ ಕುಗ್ಗಿಸುತ್ತೆ, ಮೂಳೆ ಕೂಡೋದನ್ನ ತಡೆಯುತ್ತೆ. ಸೇದೋರಲ್ಲಿ ಬೆಸುಗೆ ಕೈಕೊಡೋದು ಜಾಸ್ತಿ. ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದಿದ್ದರೆ ಗಾಯ ಕೀವಾಗುತ್ತೆ. ವಯಸ್ಸಾದವರ ಮೂಳೆ ಪೊಳ್ಳಾಗಿದ್ದರೆ ಸ್ಕ್ರೂ ಹಿಡಿತವೇ ಸಿಗಲ್ಲ, ಕೆಲವು ಸಲ ಸ್ಕ್ರೂ ಸುತ್ತ ಮೂಳೆ ಸಿಮೆಂಟು ತುಂಬಬೇಕಾಗುತ್ತೆ. ಕಂಪನಿ ಯಾವುದು ಅಂತ ಕೇಳೋಕೆ ಮುಂಚೆ ಇವನ್ನೆಲ್ಲ ವಿಚಾರಿಸಬೇಕು.

ದೊಡ್ಡಪ್ಪ: ಈಗ ನಂದೂ ಒಂದು ಕೇಳ್ತೀನಿ. ನಂಗೆ ಆರು ತಿಂಗಳಿಂದ ನಡೆದ್ರೆ ಕಾಲು ಹಿಡಿಯುತ್ತೆ. ಬಸ್‌ಸ್ಟ್ಯಾಂಡ್‌ವರೆಗೂ ಹೋಗೋಷ್ಟರಲ್ಲಿ ಎರಡು ಕಡೆ ಕೂರ್ಬೇಕು. ಸೈಕಲ್ ಮಾತ್ರ ತುಳೀತೀನಿ, ಏನೂ ಆಗಲ್ಲ. ಒಂದು ಆಸ್ಪತ್ರೇಲಿ ಎಂಆರ್‌ಐ ಮಾಡಿಸಿ, ಎಲ್-4 ಮೂಳೆ ಸ್ವಲ್ಪ ಮುಂದಕ್ಕೆ ಜಾರೈತೆ, ಸ್ಕ್ರೂ ಹಾಕ್ಬೇಕು ಅಂದ್ರು. ಹುಡುಗನಿಗೆ ಹಾಕೋದೇ ನಂಗೂ ಹಾಕ್ತಾರಂತೆ.

ಮಗಳು: ಲೋಹ ಒಂದೇ, ಕಾಯಿಲೆ ಬೇರೆ. ಅವನ ಬೆನ್ನು ಕುಸಿದಿದೆ. ನಿಮ್ಮದರಲ್ಲಿ ನರದ ಕಾಲುವೆ ಕಿರಿದಾಗಿದೆ. ಬಾಗಿದಾಗ ಅದು ಒಂಚೂರು ಅಗಲವಾಗುತ್ತೆ, ಅದಕ್ಕೇ ಸೈಕಲ್ ಮೇಲೆ ಬಾಗಿ ಕೂತರೆ ಆರಾಮ, ನೆಟ್ಟಗೆ ನಡೆದರೆ ಹಿಂಸೆ. ನಿಮಗೆ ಬೇಕಾಗಬಹುದಾದದ್ದು ಕಾಲುವೆ ಬಿಡಿಸೋ ಕೆಲಸ. ಅದರ ಜೊತೆ ಸ್ಕ್ರೂ ಬೇಕಾ ಅನ್ನೋದು ಬೇರೆ ಪ್ರಶ್ನೆ. ಸ್ವೀಡನ್‌ನಲ್ಲಿ 50ರಿಂದ 80 ವರ್ಷದ 247 ಜನರನ್ನ ಎರಡು ಗುಂಪು ಮಾಡಿ, ಒಂದಕ್ಕೆ ಬರೀ ಕಾಲುವೆ ಬಿಡಿಸಿದರು, ಇನ್ನೊಂದಕ್ಕೆ ಬಿಡಿಸಿ ಬೆಸುಗೆಯನ್ನೂ ಮಾಡಿದರು. ಅದರಲ್ಲಿ ನಿಮ್ಮ ಹಾಗೆ ಮೂಳೆ ಜಾರಿದವರೂ ಇದ್ದರು. 2016ರಲ್ಲಿ ಫಲಿತಾಂಶ ಬಂತು: ಎರಡು ವರ್ಷಕ್ಕೂ ಐದು ವರ್ಷಕ್ಕೂ ಎರಡು ಗುಂಪಿನ ಸ್ಥಿತಿಯಲ್ಲಿ ಹೇಳಿಕೊಳ್ಳೋ ವ್ಯತ್ಯಾಸವಿಲ್ಲ. 2021ರಲ್ಲಿ ನಾರ್ವೆಯವರು ಮೂಳೆ ಜಾರಿದವರನ್ನೇ ತಗೊಂಡು ನೋಡಿದರು. ಬರೀ ಬಿಡಿಸೋದು ಕಡಿಮೆಯೇನಲ್ಲ ಅಂತ ಬಂತು.

ದೊಡ್ಡಪ್ಪ: ಹಂಗಾದ್ರೆ ಅವ್ರು ಹೇಳಿದ್ದು ಸುಳ್ಳಾ?

ಮಗಳು: ಸುಳ್ಳು ಅನ್ನೋಕಾಗಲ್ಲ. ಬಾಗಿ, ನೆಟ್ಟಗೆ ನಿಂತು ಎಕ್ಸ್‌ರೇ ತೆಗೆದಾಗ ಮೂಳೆ ಹಿಂದಕ್ಕೂ ಮುಂದಕ್ಕೂ ಬಹಳ ಅಲುಗಾಡ್ತಿದ್ದರೆ, ಇಲ್ಲ ಬಿಡಿಸೋವಾಗ ಕೀಲು ತುಂಬ ತೆಗೆಯಬೇಕಾದರೆ, ಸ್ಕ್ರೂ ಬೇಕಾಗುತ್ತೆ. ಅಂಥ ಎಕ್ಸ್‌ರೇ ತೆಗೆಸಿದ್ದೀರಾ ಅಂತ ಕೇಳಿ. ಇಲ್ಲದಿದ್ದರೆ ಇನ್ನೊಬ್ಬರ ಅಭಿಪ್ರಾಯ ತಗೊಳ್ಳಿ. ಈ ಸ್ಕ್ರೂ ಅತಿಯಾಗಿ ಬಳಕೆಯಾಗುತ್ತೆ ಅನ್ನೋ ಜಗಳ ಹಳೇದು. 1990ರ ದಶಕದಲ್ಲಿ ಅಮೆರಿಕದಲ್ಲಿ, ಸರ್ಕಾರ ಒಪ್ಪಿಗೆ ಕೊಡದ ಬಳಕೆಗೆ ಮಾರ್ತಿದ್ದಾರೆ ಅಂತ ಪೆಡಿಕಲ್ ಸ್ಕ್ರೂ ಕಂಪನಿಗಳ ಮೇಲೆ ಸಾವಿರಾರು ದಾವೆ ಬಿದ್ದವು. 1998ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಯಾವ ಯಾವ ಕಾಯಿಲೆಗೆ ಹಾಕಬಹುದು ಅಂತ ಹೆಸರಿಸಿ, ಆ ಬಳಕೆಗೆ ಸ್ಕ್ರೂವಿನ ಒಪ್ಪಿಗೆಯ ವರ್ಗ ಬದಲಿಸಿತು. ಮುರಿತ, ಮೂಳೆ ಜಾರಿಕೆ, ಸೊಟ್ಟ ಬೆನ್ನು, ಗೆಡ್ಡೆ, ಹಿಂದಿನ ಬೆಸುಗೆ ಕೂಡದ್ದು ಎಲ್ಲ ಅದರಲ್ಲಿವೆ. ಬರೀ ಬೆನ್ನುನೋವು ಅಂತ ಒಂದು ಕಾಯಿಲೆ ಆ ಪಟ್ಟಿಯಲ್ಲಿಲ್ಲ. ಅಂದಹಾಗೆ, ಮಂಡಿ ಬಗ್ಗಿಸದೆ ಕಾಲಿನ ಬೆರಳು ಮುಟ್ಟುತ್ತೀರಾ? ಗದ್ದ ಎದೆಗೆ ತಾಗುತ್ತಾ?

ದೊಡ್ಡಪ್ಪ: ಬೆರಳು ಹಾಗಿರ್ಲಿ, ಮೊಣಕಾಲೇ ದೂರ. ಹೊಲದ ಮನೇಲಿ ಎಷ್ಟೋ ವರ್ಷ ಬೋರಿನ ನೀರೇ ಕುಡಿದಿದ್ದು, ಅದರಿಂದೇನಾದ್ರೂ ಇರ್ಬೋದಾ?

ಮಗಳು: ನಮ್ಮ ಕಡೆ ಅದನ್ನೂ ನೋಡಬೇಕು. ಚಿಂತಾಮಣಿ, ಬಾಗೇಪಲ್ಲಿ, ಗುಡಿಬಂಡೆ ಕಡೆ ಸಾವಿರ ಅಡಿ ದಾಟಿದ ಬೋರಿನ ನೀರಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿ.ಗ್ರಾಂ. ಮೀರಿದ ನೀರನ್ನ ವರ್ಷಗಟ್ಟಲೆ ಕುಡಿದರೆ ಬೆನ್ನಿನ ಕಟ್ಟುಗಳೇ ಮೂಳೆಯಾಗಿ ಗಡಸಾಗುತ್ತವೆ, ನರದ ಕಾಲುವೆಯೂ ಕಿರಿದಾಗುತ್ತೆ. ಆ ಮೂಳೆ ಎಕ್ಸ್‌ರೇಲಿ ದಟ್ಟವಾಗಿ ಕಾಣುತ್ತೆ, ಆದರೆ ಒಳಗೆ ಪೆಡಸು. ಅಂಥವರಿಗೆ ಬೆನ್ನು ಸಡಿಲ ಅನ್ನೋದಕ್ಕಿಂತ ಬಿಗಿತವೇ ಕಷ್ಟ. ಈಗ ಶುದ್ಧ ನೀರಿನ ಘಟಕದ್ದು ತಾನೇ ಕುಡಿಯೋದು?

ದೊಡ್ಡಪ್ಪ: ಈಗ ಕ್ಯಾನ್ ನೀರೇ. ನಮ್ಮ ಓಣೀಲಿ ಇನ್ನೊಬ್ರಿಗೆ ಬೆನ್ನಲ್ಲಿ ಟಿಬಿ ಆಗೈತೆ. ಅವ್ರಿಗೂ ರಾಡು ಅಂತವ್ರೆ.

ಮಗಳು: ಟಿಬಿಗೆ ಮದ್ದು ಮಾತ್ರೆಯೇ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಬೆನ್ನಿನ ಟಿಬಿಗೆ ಸಾಮಾನ್ಯವಾಗಿ ವರ್ಷ, ಅದಕ್ಕೂ ಮೇಲೆ ನುಂಗಬೇಕು, ನೋವು ಹೋಯ್ತು ಅಂತ ನಡುವೆ ಬಿಡಬಾರದು. ಊಟಕ್ಕೆ ಅಂತ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತೆ. ಕಾಲು ಬಿದ್ದುಹೋಗ್ತಿದ್ದರೆ, ಮೂಳೆ ಕರಗಿ ಗೂನು ಬರ್ತಿದ್ದರೆ ಮಾತ್ರ ಸ್ಕ್ರೂ. ಹಾಕಿದರೂ ಮಾತ್ರೆ ತಪ್ಪಲ್ಲ.

ದೊಡ್ಡಪ್ಪ: ಹುಡುಗನ ಖರ್ಚಿಗೇನು ಮಾಡೋದು? ಬಿಪಿಎಲ್ ಕಾರ್ಡ್ ಐತೆ.

ಮಗಳು: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಕಾರ್ಡು ಕೊಟ್ಟು ಆಪರೇಷನ್‌ಗೆ ಮುಂಚೆಯೇ ಮಂಜೂರಾತಿ ಮಾಡಿಸಿಕೊಳ್ಳಲಿ. ಅವನ ಹೆಂಡತಿಗೆ ನಾಲ್ಕು ಮಾತು ಬರೆದುಕೊಡಿ. ಎಲ್ಲಿಂದ ಎಲ್ಲಿಯವರೆಗೆ ಸ್ಕ್ರೂ ಹಾಕ್ತೀರಿ? ಬೆಸುಗೆ ಮಾಡ್ತೀರಾ, ಇಲ್ಲ ಮೂಳೆ ಕೂಡಿದ ಮೇಲೆ ತೆಗೀತೀರಾ? ಕೂಡಿದೆಯೋ ಇಲ್ಲವೋ ಅಂತ ಯಾವ ತಿಂಗಳಲ್ಲಿ ಎಕ್ಸ್‌ರೇ ನೋಡ್ತೀರಿ? ಕೊನೇದು, ಸ್ಕ್ರೂ ಪ್ಯಾಕೆಟ್ಟಿನ ಮೇಲಿನ ಸ್ಟಿಕ್ಕರು, ಅಂದರೆ ಕಂಪನಿ, ಅಳತೆ, ಬ್ಯಾಚ್ ನಂಬರು ಇರೋದು, ಕೇಸ್ ಶೀಟಿಗೆ ಅಂಟಿಸಿರ್ತಾರೆ, ಅದರ ಜೆರಾಕ್ಸ್ ಕೊಡಿ. ಮುಂದೆ ತೆಗೆಯಬೇಕಾದರೆ ಯಾವ ಸ್ಕ್ರೂಡ್ರೈವರು ಅಂತ ಅದರಿಂದಲೇ ಗೊತ್ತಾಗೋದು.

ದೊಡ್ಡಪ್ಪ: ಬರ್ಕೊಂಡೆ. ಇಷ್ಟಾದ್ರೆ ಮುಂದಿನ ಸೀಜನ್‌ಗೆ ಮರ ಹತ್ತಬಹುದಲ್ಲ?

ಮಗಳು: ದೊಡ್ಡಪ್ಪ, ಲೋಹಕ್ಕೆ ಸರ್ಕಾರ ದುಡ್ಡು ಕೊಡುತ್ತೆ. ಮೂಳೆ ಕೂಡೋದಕ್ಕೆ ಬೇಕಾದ ಆರು ತಿಂಗಳಿಗೆ ಯಾರೂ ಕೊಡಲ್ಲ. ಕೂಲಿ ಮಾಡೋನು ನೋವು ಕಮ್ಮಿ ಆದ ಎರಡನೇ ತಿಂಗಳಿಗೇ ಮೂಟೆ ಹೊರೋಕೆ ಹೋಗ್ತಾನೆ, ಮನೇಲಿ ಅಕ್ಕಿ ಬೇಕಲ್ಲ. ನನ್ನ ಹತ್ತಿರ ರಾಡು ಮುರ್ಕೊಂಡು ವಾಪಸ್ ಬರೋರಲ್ಲಿ ಅಂಥವರು ಇದ್ದೇ ಇರ್ತಾರೆ. ಮರ ನಿಮ್ಮದು. ಹತ್ತೋನಿಗೆ ಹಗ್ಗ, ಬೆಲ್ಟು ಕೊಟ್ಟಿದ್ದಿರಾ?

ದೊಡ್ಡಪ್ಪ: ಮರ ಗುತ್ತಿಗೆಗೆ ಕೊಟ್ಟಿದ್ದು. ಈ ಸೀಮೇಲಿ ಯಾರೂ ಕೊಡಲ್ಲಮ್ಮ.

ಮಗಳು: ಮುಂದಿನ ವರ್ಷ ಗುತ್ತಿಗೆ ಮಾತಾಡೋವಾಗ ಬೆಲ್ಟಿನ ಮಾತೂ ಆಡಿ. ಈ ವರ್ಷಕ್ಕೆ ಅವನಿಗೆ ಮಂಡೀಲಿ ಕೂತು ಮಾಡೋ ಕೆಲಸ ಏನಾದರೂ ಇದೆಯಾ?

ದೊಡ್ಡಪ್ಪ: ಏಳನೇ ಕ್ಲಾಸ್ ಓದವ್ನೆ. ತೂಕದ ಚೀಟಿ ಬರೆಯಕ್ಕೆ ಮಗ ಯಾರನ್ನೋ ಹುಡುಕ್ತಿದ್ದ. ಯಾವಾಗಿಂದ ಬರಬಹುದು?

ಮಗಳು: ಅವನ ಡಾಕ್ಟರು ಎಕ್ಸ್‌ರೇ ನೋಡಿ ಹೂಂ ಅಂದ ಮೇಲೆ. ಒಂದೇ ಕಡೆ ಗಂಟೆಗಟ್ಟಲೆ ಕೂರಿಸಬೇಡಿ, ನಡುನಡುವೆ ಎದ್ದು ಓಡಾಡಲಿ. ಮತ್ತೆ ನಿಮ್ಮ ಮಗನಿಗೆ ಬಿಡಿಸಿ ಹೇಳಿ: ಲಾರಿ ತಡವಾಯ್ತು, ಆಳು ಸಾಲದು ಅಂತ ಅವನ ಕೈಲಿ 15 ಕೆ.ಜಿ.ಯ ಒಂದು ಬಾಕ್ಸೂ ಎತ್ತಿಸಬಾರದು.

ದೊಡ್ಡಪ್ಪ: ಎತ್ತಿಸಲ್ಲ. ಅಲ್ಲಿವರೆಗೂ ಮನೆ ಖರ್ಚಿಗೆ ಗುತ್ತಿಗೆದಾರನೂ ನಾನೂ ಅರ್ಧರ್ಧ ಹಾಕ್ಕೊಳ್ತೀವಿ. ಅವನು ಒಪ್ದೆ ಹೋದ್ರೆ ಹುಣಸೆ ದುಡ್ಡಲ್ಲಿ ಹಿಡ್ಕೊಳ್ತೀನಿ. ಆ ಬೀಡಿ ವಿಷ್ಯ ಮಾತ್ರ ನೀನೇ ಫೋನ್ ಮಾಡಿ ಹೇಳು ತಾಯಿ, ನನ್ನ ಮಾತು ಕೇಳಲ್ಲ ಅವ್ನು.